ಶಿವನಸಮುದ್ರದಿಂದ ಕೋಲಾರಕ್ಕೆ: ತಂತಿ ಹೇಳುವ ಲೆಕ್ಕ

1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ನಡುವಿನ ದೂರ ಸುಮಾರು 147 ಕಿ.ಮೀ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಬೆಂಬಲ, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅವರ ಯೋಜನೆ ನಮಗೆಲ್ಲ ಗೊತ್ತು. ಆದರೆ ಅಷ್ಟು ದೂರ ಸಾಗಿದ ವಿದ್ಯುತ್ ದಾರಿಯಲ್ಲೇ ಬಿಸಿಯಾಗಿ ಕಳೆದುಹೋಗಲಿಲ್ಲ ಏಕೆ? ಇದಕ್ಕೆ ಉತ್ತರ ಹೈಸ್ಕೂಲಿನ ಎರಡು ಸೂತ್ರಗಳಲ್ಲಿದೆ.

ನಮ್ಮೂರುಗಳಲ್ಲಿ ಕರೆಂಟ್ ಅಂದರೆ ಇಡೀ ವಿದ್ಯುತ್ತೇ. ಲೆಕ್ಕದಲ್ಲಿ ಮಾತ್ರ ಅದು ತಂತಿಯಲ್ಲಿ ಹರಿಯುವ ಪ್ರಮಾಣ; ಅಳತೆ ಆಂಪಿಯರ್. ಅದನ್ನು ತಳ್ಳುವ ಒತ್ತಡ ವೋಲ್ಟ್. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ತಂತಿಯ ಪ್ರತಿರೋಧ ಸಿಗುತ್ತದೆ; ಜರ್ಮನಿಯ ಶಾಲಾ ಮೇಷ್ಟ್ರು ಜಾರ್ಜ್ ಓಮ್ 1827ರಲ್ಲಿ ಪುಸ್ತಕವಾಗಿ ಮುಂದಿಟ್ಟ ನಿಯಮವಿದು. ಎರಡನ್ನೂ ಗುಣಿಸಿದರೆ ಶಕ್ತಿ, ಅಂದರೆ ವ್ಯಾಟ್. 230 ವೋಲ್ಟ್‌ನಲ್ಲಿ 4 ಆಂಪಿಯರ್ ಎಳೆಯುವ ಇಸ್ತ್ರಿಪೆಟ್ಟಿಗೆಯ ಪ್ರತಿರೋಧ 57.5 ಓಮ್, ಶಕ್ತಿ 920 ವ್ಯಾಟ್.

1840ರ ಸುಮಾರಿಗೆ ಇಂಗ್ಲೆಂಡಿನ ಜೇಮ್ಸ್ ಜೂಲ್ ಇನ್ನೊಂದು ವಿಷಯ ತೋರಿಸಿದರು. ತಂತಿ ಬಿಸಿಯಾಗುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು.

ಈಗ ಕೋಲಾರದ ದಾರಿಗೆ ಬರೋಣ. ಮೂರು ಫೇಸಿನ ಗೋಜಲು ಬದಿಗಿಟ್ಟು, ಉದಾಹರಣೆಗೆ 30 ಲಕ್ಷ ವ್ಯಾಟ್ ಕಳಿಸಬೇಕು, ತಂತಿಯ ಪ್ರತಿರೋಧ 30 ಓಮ್ ಎಂದುಕೊಳ್ಳೋಣ. 30 ಸಾವಿರ ವೋಲ್ಟ್‌ನಲ್ಲಿ ಕಳಿಸಿದರೆ ಕರೆಂಟ್ 100 ಆಂಪಿಯರ್. 100ರ ವರ್ಗವನ್ನು 30ರಿಂದ ಗುಣಿಸಿದರೆ 3 ಲಕ್ಷ ವ್ಯಾಟ್. ಹತ್ತರಲ್ಲಿ ಒಂದು ಪಾಲು ಮಾತ್ರ ನಷ್ಟ. 3 ಸಾವಿರ ವೋಲ್ಟ್‌ನಲ್ಲಾದರೆ 1,000 ಆಂಪಿಯರ್ ಬೇಕು, ನಷ್ಟದ ಲೆಕ್ಕ 3 ಕೋಟಿ ವ್ಯಾಟ್. ಕಳಿಸುವುದಕ್ಕಿಂತ ಹತ್ತು ಪಟ್ಟು ನಷ್ಟ, ಅಂದರೆ ಆಗದ ಕೆಲಸ. ಅದಕ್ಕೇ ಟ್ರಾನ್ಸ್‌ಫಾರ್ಮರ್‌ನಿಂದ ಒತ್ತಡವನ್ನು 30 ಸಾವಿರ ವೋಲ್ಟ್ ಮೀರುವ ಮಟ್ಟಕ್ಕೆ ಏರಿಸಿ ಕಳಿಸಿದರು, ಗಣಿಯಲ್ಲಿ ಇಳಿಸಿಕೊಂಡರು.

ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಅಷ್ಟು ಒತ್ತಡದ ತಂತಿಯಿಂದ ದಾರಿಯ ಮನೆಗಳಿಗೆ ನೇರವಾಗಿ ದೀಪ ಕೊಡಲಾಗದು. ಒತ್ತಡ ಇಳಿಸುವ ವ್ಯವಸ್ಥೆ ಬೇಕು, ಅದಕ್ಕೆ ಹಣ ಬೇಕು. ಗಣಿಯ ಬಳಿ ಹಣವಿತ್ತು. ಬೆಂಗಳೂರಿಗೆ 1905ರಲ್ಲಿ ದೀಪ ಬಂತು. ಹಳ್ಳಿಗಳು ದಶಕಗಳ ಕಾಲ ಕಾದವು.

ಕರೆಂಟ್ ಬಂದ ಮೇಲೂ ಆ ಲೆಕ್ಕ ನಮ್ಮನ್ನು ಬಿಟ್ಟಿಲ್ಲ. ಟಿಸಿಯಿಂದ ದೂರದ, ಲೈನಿನ ಕೊನೆಯ ಪಂಪ್‌ಸೆಟ್‌ಗೆ 400 ವೋಲ್ಟ್ ಬದಲು 320 ಬಂದರೆ, ಅದೇ ನೀರೆತ್ತಲು ಮೋಟರ್ ಹೆಚ್ಚುಕಡಿಮೆ ಕಾಲು ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ವೈಂಡಿಂಗ್‌ನ ಬಿಸಿ ಒಂದೂವರೆ ಪಟ್ಟು ದಾಟುತ್ತದೆ. ಮೋಟರ್ ಸುಟ್ಟರೆ ರಿವೈಂಡಿಂಗ್ ಖರ್ಚು ರೈತರದ್ದೇ, ಅಷ್ಟು ದಿನ ಒಣಗುವ ಬೆಳೆಯೂ ಅವರದ್ದೇ.

ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ವೋಲ್ಟ್ ಮೀಟರ್, ಆಂಪಿಯರ್ ಮೀಟರ್ ಇದ್ದರೆ ಎರಡನ್ನೂ ದಿನಾಂಕ, ವೇಳೆಯ ಸಮೇತ ಬರೆದಿಡಿ. ‘ವೋಲ್ಟೇಜ್ ಬರ್ತಿಲ್ಲ’ ಎಂಬ ಬಾಯಿಮಾತಿನ ದೂರನ್ನು ತಳ್ಳಿಹಾಕುವುದು ಸುಲಭ. ತಿಂಗಳಿಡೀ ಬರೆದ ಅಂಕಿಗಳನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು.