ಅಂಗಡಿಗೆ ಬಂದ ಸಾಸಿವೆ ಎಣ್ಣೆ

ಸಕಲೇಶಪುರದ ದಿನಸಿ ಅಂಗಡಿಗಳಲ್ಲಿ ಈಗ ಸಾಸಿವೆ ಎಣ್ಣೆ ಬಾಟಲಿ ಸಾಲಾಗಿ ಇಟ್ಟಿರ್ತಾರೆ, ನೀವೂ ನೋಡಿರ್ತೀರಿ. ನಾನು ಸಣ್ಣವನಿದ್ದಾಗ ಅದು ಮೈಕೈ ನೋವಿಗೆ ಹಚ್ಚೋ ಎಣ್ಣೆ ಅಂತ ಮಾತ್ರ ಗೊತ್ತಿತ್ತು. ಹೋದ ವಾರ ಗೊಬ್ಬರಕ್ಕೆ ಅಂತ ಹೋದವನು ಅದನ್ನೇ ನೋಡ್ತಾ ನಿಂತೆ. ನಮ್ಮ ಬೆಟ್ಟಕ್ಕೆ ಯಾವ ಯಾವ ಕಾಲದಲ್ಲಿ ಯಾರು ದುಡಿಯೋಕೆ ಬಂದ್ರು ಅನ್ನೋದು ಅಂಗಡಿ ಸಾಮಾನು ನೋಡಿದ್ರೇ ತಿಳಿಯುತ್ತೆ.

ಮಂಜರಾಬಾದ್ ಸೀಮೇಲಿ ಗ್ರೀನ್ ಅನ್ನೋ ಇಂಗ್ಲಿಷಿನವನು 1843ರಲ್ಲಿ ಕಾಫಿ ತೋಟ ಮಾಡಿದ. 1856ರಲ್ಲಿ ಎಲಿಯಟ್ ಬಂದ. ಮುಂದೆ ಇಲ್ಲಿನ ಕಾಫಿ, ಬೇಟೆ ಬಗ್ಗೆ ಪುಸ್ತಕಾನೂ ಬರೆದ. ಕಾಡು ಕಡಿದು ಗಿಡ ಹಾಕೋಕೆ ಊರಿನ ಆಳು ಸಾಲಲಿಲ್ಲ. ಮೇಸ್ತ್ರಿ ಕೈಲಿ ಮುಂಗಡ ಕೊಟ್ಟು ಬಯಲುಸೀಮೆಯಿಂದ, ಘಟ್ಟದ ಕೆಳಗಿನಿಂದ ಜನ ಕರೆಸಿದ್ರು. ಮಂಗಳೂರಿಗೆ ಕಾಫಿ ಇಳಿಸಿದ ಎತ್ತಿನ ಗಾಡಿಗಳು ಬರೋವಾಗ ಉಪ್ಪು ಹೇರ್ಕೊಂಡು ಬರ್ತಿದ್ವು. ಕುಚ್ಚಲಕ್ಕಿ, ಒಣಮೀನಿಗೆ ಇಲ್ಲಿ ಗಿರಾಕಿ ಆದವರು ಘಟ್ಟದ ಕೆಳಗಿನವರು. ಈಗ ಮಳೆಗಾಲದಲ್ಲಿ ಒಣಮೀನು ಇಲ್ಲದೆ ನಮಗೇ ಊಟ ಸೇರಲ್ಲ.

(ನನ್ನ ತಮ್ಮನ ಮಗ ದುಬೈಲಿ ಇದ್ದಾನೆ. ಅಲ್ಲಿ ಫಿಲಿಪ್ಪೀನ್ಸ್‌ನವರ ಅಂಗಡಿಗೆ ಒಣಮೀನಿನ ವಾಸನೆ ಹಿಡಿದೇ ಹೋಗಬಹುದಂತೆ. ಇವನು ಬೆಲ್ಲ, ಅಕ್ಕಿಹಿಟ್ಟು ಎಲ್ಲಿ ಸಿಗುತ್ತೆ ಅಂತ ಶುಕ್ರವಾರ ಇಡೀ ತಿರುಗ್ತಾನಂತೆ.)

ಆಮೇಲೆ ತಮಿಳರು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಲ್ಲಿ ಲಂಕೆಯ ತೋಟಗಳಿಂದ 5,25,000 ಜನರನ್ನ ಭಾರತಕ್ಕೆ ಕರೆಸಿಕೊಳ್ಳೋದು ಅಂತ ಆಯ್ತು. ಅವರಲ್ಲಿ ಕೆಲವರಿಗೆ ನಮ್ಮ ಘಟ್ಟದ ಕೆಳಗೆ, ಸುಳ್ಯ–ಪುತ್ತೂರು ಕಡೆ, ಸರ್ಕಾರದ ರಬ್ಬರ್ ತೋಟದಲ್ಲಿ ಕೆಲಸ ಕೊಟ್ರು. ಲಂಕೇಲೇ ಹುಟ್ಟಿದವರಿಗೆ 'ನಿಮ್ಮ ದೇಶಕ್ಕೆ ಹೋಗಿ' ಅಂದ್ರೆ ಹೆಂಗಾಗಿರಬೇಡ!

ಈಗ ಅಸ್ಸಾಂ, ಬಂಗಾಳದವರು. ಇಲ್ಲಿ ನನ್ನದೇ ಒಂದು ತಪ್ಪು ಹೇಳ್ಬೇಕು. ಆರೇಳು ವರ್ಷದ ಹಿಂದೆ ರೊಬಸ್ಟಾ ಕೊಯ್ಲಿಗೆ ಅಸ್ಸಾಂನ ಎಂಟು ಜನ ಬಂದಿದ್ರು. ದಿನಸಿ ನಾನೇ ತಂದು ಹಾಕ್ತಿದ್ದೆ. ಪಾಮ್ ಎಣ್ಣೆ, ತೊಗರಿಬೇಳೆ, ಯಾವುದು ಅಗ್ಗವೋ ಅದು. ಅವರಲ್ಲಿ ಹಿರಿಯಳು ಒಬ್ಬಳು ಸಂಜೆ ಬಂದು ಕೇಳಿದ್ಲು: 'ಅಣ್ಣಾ, ನಮ್ಮ ದುಡ್ಡಲ್ಲೇ ತಗೋತೀವಿ, ಒಂದಿನ ಪೇಟೆಗೆ ಬಿಡಿ.' ಕೊಯ್ಲು ಮುಗೀಲಿ ಅಂದೆ. ನಿಜ ಹೇಳ್ಬೇಕಂದ್ರೆ ನನಗೆ ಹಣ್ಣಿನ ಚಿಂತೆಗಿಂತ, ಪೇಟೆಲಿ ಬೇರೆ ತೋಟದವರು ಇವರನ್ನ ಎಳ್ಕೊಂಡು ಹೋಗ್ತಾರೆ ಅನ್ನೋ ಭಯ ಜಾಸ್ತಿ ಇತ್ತು. ಹತ್ತು ದಿನಕ್ಕೆ ಬೆಳಿಗ್ಗೆ ಎದ್ದು ನೋಡಿದ್ರೆ ಲೈನ್ ಮನೆ ಖಾಲಿ. ಪಾಮ್ ಎಣ್ಣೆ ಪ್ಯಾಕೆಟ್ ಎರಡು ಒಡೀದೇ ಬಿದ್ದಿದ್ವು. ಅರ್ಧ ಹಣ್ಣು ಗಿಡದಲ್ಲೇ ಒಣಗ್ತು. ತಿಂಗಳುಗಟ್ಟಲೆ ಅವರನ್ನೇ ಬೈದೆ. ಆಮೇಲೆ ಯೋಚನೆ ಬಂತು, ಆಳುಗಳನ್ನ ಪೇಟೆಗೆ ಬಿಡದೆ ಹಿಡಿದಿಟ್ಟ ಹಳೇ ಮೇಸ್ತ್ರಿಗಳ ಕಥೆ ಅಜ್ಜ ಹೇಳ್ತಿದ್ರಲ್ಲ, ನಾನು ಮಾಡಿದ್ದೂ ಅದೇ ಅಲ್ವಾ ಅಂತ.

ಈಗ ಸಂತೆ ದಿನ ಮಧ್ಯಾಹ್ನ ರಜೆ, ಕೂಲಿ ದುಡ್ಡು ಕೈಗೆ. ಚನ್ನಂಗಿ ಬೇಳೆ, ಆಲೂಗಡ್ಡೆ, ಪುರಿ, ಸಾಸಿವೆ ಎಣ್ಣೆ ತರ್ತಾರೆ. ಕೆಸುವಿನ ಸೊಪ್ಪು, ಕಳಲೆ ನಮ್ಮ ತೋಟದ ಅಂಚಲ್ಲೇ ಸಿಕ್ಕಾಗ ಅವರ ಮುಖ ನೋಡ್ಬೇಕು. ಅಸ್ಸಾಂನಲ್ಲೂ ಕಳಲೆ ತಿಂತಾರೆ. ನಾವು ಕಹಿ ಹೋಗ್ಲಿ ಅಂತ ನೀರು ಬದಲಿಸಿ ನೆನೆಹಾಕ್ತೀವಿ, ಅವರು ಹುಳಿ ಬರಿಸಿ ಇಟ್ಕೋತಾರೆ.

ಇನ್ನೊಂದು ವಿಷಯ. ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆಗೆ ಅಸ್ಸಾಂ 2022ರ ಜೂನ್‌ನಲ್ಲಿ ಸೇರಿದೆ. ಆಹಾರ ಭದ್ರತೆ ಕಾಯ್ದೆಯ ಕಾರ್ಡಿಗೆ ಆಧಾರ್ ಜೋಡಿಸಿದ್ರೆ, ಬೆರಳಚ್ಚು ಕೊಟ್ಟು ಇಲ್ಲಿನ ನ್ಯಾಯಬೆಲೆ ಅಂಗಡಿಲೇ ಅವರ ಪಾಲಿನ ಅಕ್ಕಿ ತಗೋಬಹುದು. ನಿಮ್ಮ ಲೈನಿನವರಿಗೆ ಹೇಳಿ. ಅವರ ಕಾರ್ಡು, ಆಧಾರ್ ನೀವು ಇಟ್ಕೋಬೇಡಿ.

ಹೋದ ವಾರ ನಾನೂ ಒಂದು ಬಾಟಲಿ ತಂದೆ. ಅವರ ಹಂಗೆ ಹೊಗೆ ಬರೋ ತನಕ ಕಾಯಿಸಿ ಮೀನು ಹುರಿದ್ವಿ. ನಮ್ಮನೆಯವಳು ಕೆಮ್ತಾ ಕಿಟಕಿ ಎಲ್ಲ ತೆಗೆದ್ಲು, ಮೀನು ಮಾತ್ರ ಒಂದು ತುಂಡೂ ಉಳೀಲಿಲ್ಲ.