ನೈಸ್ಮಿತ್‌ರ ಇನ್ನೊಬ್ಬ ಶಿಷ್ಯ

ಬ್ಯಾಸ್ಕೆಟ್‌ಬಾಲ್ ಹುಟ್ಟಿಸಿದ ಜೇಮ್ಸ್ ನೈಸ್ಮಿತ್‌ರಿಗೆ ಈ ಆಟಕ್ಕೆ ಕೋಚ್ ಬೇಕೆನ್ನುವುದರಲ್ಲೇ ನಂಬಿಕೆಯಿರಲಿಲ್ಲ. 1891ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಚಳಿಗಾಲದ ಕಸರತ್ತಿಗೆಂದು 13 ನಿಯಮಗಳನ್ನು ಬರೆದ ಈ ಮೇಷ್ಟ್ರು, ಮುಂದೆ ಕಾನ್ಸಸ್ ವಿಶ್ವವಿದ್ಯಾಲಯದ ತಂಡವನ್ನು ನೋಡಿಕೊಂಡರು. ಗೆದ್ದದ್ದು 55, ಸೋತದ್ದು 60. ಕೋಚಿಂಗನ್ನು ವೃತ್ತಿಯಾಗಿ ಬೆಳೆಸಿದವರು ಅವರ ಶಿಷ್ಯ ಫಾಗ್ ಅಲೆನ್. ಅಲೆನ್ ಗರಡಿಯ ಅಡಾಲ್ಫ್ ರಪ್ ಕೆಂಟಕಿಗೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘ ಎನ್‌ಸಿಎಎಯ ನಾಲ್ಕು ಪ್ರಶಸ್ತಿ ತಂದರು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಚರಿತ್ರೆಯನ್ನು ಬಹುಮಟ್ಟಿಗೆ ಈ ವಂಶಾವಳಿಯ ಮೇಲೇ ಹೇಳುತ್ತಾರೆ. ಜಾನ್ ಮೆಕ್‌ಲೆಂಡನ್ ಹೆಸರು ಅದರಲ್ಲಿ ಬರುವುದು ಅಪರೂಪ.

1930ರ ದಶಕದ ಕಾನ್ಸಸ್‌ನಲ್ಲಿ ಕಪ್ಪು ವಿದ್ಯಾರ್ಥಿಗೆ ತಂಡದಲ್ಲಿ ಜಾಗವಿರಲಿಲ್ಲ. ಆಡಲು ಬಿಡದಿದ್ದರೂ ಕಲಿಯಲು ಅಡ್ಡಿಯಿರಲಿಲ್ಲ. ಮೆಕ್‌ಲೆಂಡನ್ ನೈಸ್ಮಿತ್‌ರ ಬಳಿಯೇ ಪಾಠ ಹೇಳಿಸಿಕೊಂಡು 1936ರಲ್ಲಿ ಪದವಿ ಪಡೆದರು. 1940ರಲ್ಲಿ ಡರ್ಹಮ್‌ನ ಕಪ್ಪು ವಿದ್ಯಾರ್ಥಿಗಳ ನಾರ್ತ್ ಕೆರೊಲಿನಾ ಕಾಲೇಜಿಗೆ ಮುಖ್ಯ ಕೋಚ್ ಆದರು.

ಆ ಹೊತ್ತಿಗೆ ಆಟದ ನಿಯಮವೇ ಬದಲಾಗಿತ್ತು. ಮೊದಲು ಪ್ರತಿ ಬ್ಯಾಸ್ಕೆಟ್ ಆದಮೇಲೂ ಚೆಂಡು ಮಧ್ಯಕ್ಕೆ ಹೋಗಿ, ಇಬ್ಬರ ನಡುವೆ ಮೇಲೆಸೆಯುವ ಜಂಪ್ ಬಾಲ್ ಆಗಬೇಕಿತ್ತು. 1937ರಲ್ಲಿ ಅದು ಹೋಯಿತು. ಈ ಸ್ವಾತಂತ್ರ್ಯವನ್ನು ಏನು ಮಾಡಬೇಕೆಂಬುದರಲ್ಲಿ ಕೋಚ್‌ಗಳಿಗೆ ಒಮ್ಮತವಿರಲಿಲ್ಲ. ಒಕ್ಲಹಾಮದ ಹ್ಯಾಂಕ್ ಐಬಾ ಚೆಂಡನ್ನು ಸಾವಧಾನವಾಗಿ ಕೈಯಿಂದ ಕೈಗೆ ದಾಟಿಸಿ, ಒಳ್ಳೆಯ ಶಾಟ್ ಸಿಗುವವರೆಗೆ ಕಾಯುವ ಆಟ ಆಡಿಸಿ 1945, 1946ರಲ್ಲಿ ಸತತವಾಗಿ ಎನ್‌ಸಿಎಎ ಪ್ರಶಸ್ತಿ ಗೆದ್ದರು. ಮೆಕ್‌ಲೆಂಡನ್ ಇದಕ್ಕೆ ತೀರಾ ವಿರುದ್ಧ: ಎದುರಾಳಿಯನ್ನು ಇಡೀ ಕೋರ್ಟ್‌ನಲ್ಲಿ ಒತ್ತಿ ಹಿಡಿ, ಚೆಂಡು ಸಿಕ್ಕಿತೋ ಓಡು. ಫಾಸ್ಟ್ ಬ್ರೇಕ್ ಎನ್ನುವ ಈ ಓಟದ ಆಟ ಅವರೊಬ್ಬರದೇ ಆಸ್ತಿಯಲ್ಲ, ರೋಡ್ ಐಲೆಂಡ್‌ನ ಫ್ರಾಂಕ್ ಕೀನಿಯವರ ಹುಡುಗರೂ ಓಡುತ್ತಿದ್ದರು. ಆದರೆ ಅದನ್ನು ಒಂದು ಪದ್ಧತಿಯಾಗಿ ಕಟ್ಟಿ, ದಮ್ಮು ಹಿಡಿಯುವ ತಾಲೀಮಿನ ಮೇಲೆ ನಿಲ್ಲಿಸಿದ್ದರಲ್ಲಿ ಮೆಕ್‌ಲೆಂಡನ್ ಪಾಲು ದೊಡ್ಡದು.

ಆ ಪದ್ಧತಿಯನ್ನು ಬಿಳಿಯರ ತಂಡದ ಎದುರು ಒರೆಗೆ ಹಚ್ಚಲು ಕಾನೂನು ಬಿಡುತ್ತಿರಲಿಲ್ಲ. 1944ರ ಮಾರ್ಚ್‌ನ ಒಂದು ಭಾನುವಾರ ಬೆಳಿಗ್ಗೆ, ಊರು ಚರ್ಚಿನಲ್ಲಿದ್ದಾಗ, ಡ್ಯೂಕ್ ವೈದ್ಯಕೀಯ ಕಾಲೇಜಿನ ಬಿಳಿಯ ಹುಡುಗರು ಗುಟ್ಟಾಗಿ ಮೆಕ್‌ಲೆಂಡನ್‌ರ ಜಿಮ್‌ಗೆ ಬಂದರು. ಬಾಗಿಲು ಹಾಕಿ ಆಡಿದರು. 88–44, ಮೆಕ್‌ಲೆಂಡನ್‌ರ ಹುಡುಗರ ಗೆಲುವು. ಸೋತವರೂ ಗೆದ್ದವರೂ ಆಮೇಲೆ ಬೆರೆತು ತಂಡ ಮಾಡಿಕೊಂಡು ಇನ್ನೊಂದು ಆಟ ಆಡಿದರು. ಸ್ಕೋರಿಗಿಂತ ನನಗೆ ಇದೇ ದೊಡ್ಡದಾಗಿ ಕಾಣುತ್ತದೆ. ಹೊರಜಗತ್ತಿಗೆ ಈ ಪಂದ್ಯ ಗೊತ್ತಾದದ್ದು 1996ರಲ್ಲಿ.

ಮೆಕ್‌ಲೆಂಡನ್ ಟೆನೆಸೀ ಎ ಅಂಡ್ ಐ ಕಾಲೇಜಿಗೆ ಹೋದಮೇಲೆ ಗುಟ್ಟಿನ ಅಗತ್ಯ ಉಳಿಯಲಿಲ್ಲ. ಸಣ್ಣ ಕಾಲೇಜುಗಳ ಸಂಘವಾದ ಎನ್‌ಎಐಎ ಕಪ್ಪು ಕಾಲೇಜುಗಳಿಗೆ ಬಾಗಿಲು ತೆರೆದಿತ್ತು. 1957, 1958, 1959: ಮೂರು ವರ್ಷವೂ ಪ್ರಶಸ್ತಿ ಇವರದೇ.

ಹೀಗಿದ್ದರೂ ವರ್ಣಗೋಡೆ ಬಿದ್ದದ್ದು ಯಾವಾಗ ಎಂದು ಕೇಳಿದರೆ ಜನ 1966 ಎನ್ನುತ್ತಾರೆ, ಟೆಕ್ಸಸ್ ವೆಸ್ಟರ್ನ್‌ನ ಐವರು ಕಪ್ಪು ಆಟಗಾರರು ಎನ್‌ಸಿಎಎ ಫೈನಲ್‌ನಲ್ಲಿ ರಪ್ ತಂಡವನ್ನು ಸೋಲಿಸಿದ ವರ್ಷ. ಮೆಕ್‌ಲೆಂಡನ್‌ರ ಮೂರನೇ ಪ್ರಶಸ್ತಿಗೆ ಆಗಲೇ ಏಳು ವರ್ಷವಾಗಿತ್ತು. ಇನ್ನೊಂದು ಸ್ವಾರಸ್ಯ: ಆ ಐವರು ಗೆದ್ದದ್ದು ಓಟದ ಆಟದಿಂದಲ್ಲ. ಅವರ ಕೋಚ್ ಡಾನ್ ಹ್ಯಾಸ್ಕಿನ್ಸ್ ಐಬಾರ ಶಿಷ್ಯ. ಬಿಗಿ ಡಿಫೆನ್ಸ್ ಅವರ ಬಲ. ಕಪ್ಪು ಹುಡುಗರೆಂದರೆ ಬರೀ ಓಟ, ನೆಗೆತ ಎನ್ನುತ್ತಿದ್ದವರಿಗೆ ಇದು ಸಾಕಷ್ಟು ಉತ್ತರ.

ಅದೇ ವರ್ಷ ಮೆಕ್‌ಲೆಂಡನ್ ಕ್ಲೀವ್‌ಲ್ಯಾಂಡ್ ಸ್ಟೇಟ್ ಸೇರಿ, ಬಿಳಿಯರೇ ಹೆಚ್ಚಿದ್ದ ವಿಶ್ವವಿದ್ಯಾಲಯವೊಂದರ ಮೊದಲ ಕಪ್ಪು ಮುಖ್ಯ ಕೋಚ್ ಆದರು. ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ 1979ರಲ್ಲಿ ಅವರನ್ನು ಸೇರಿಸಿಕೊಂಡಿತು, ಆಟಕ್ಕೆ ಕೊಡುಗೆ ಕೊಟ್ಟವರ ಸಾಲಿನಲ್ಲಿ. ಅವರು 1999ರಲ್ಲಿ ತೀರಿಕೊಂಡರು. ಕೋಚ್ ಎಂದು ಅಲ್ಲಿ ಅವರ ಹೆಸರು ಬರೆದದ್ದು 2016ರಲ್ಲಿ.