ಹುಟ್ಟಿನಿಂದ ಇಂಜಿನ್‌ವರೆಗೆ: ನಮ್ಮ ಹಳೆ ದೋಣಿಗಳು ಮತ್ತೆ ಕಡಲಿಗಿಳಿದ ಕಥೆ

ಸಂಘ ಹುಟ್ಟಿದ ಬಗೆ, ಪಾಲು ಬಂಡವಾಳ, ಠೇವಣಿ, ಸಾಲ ವಸೂಲಿ ಇವುಗಳ ಲೆಕ್ಕ ಈ ಬೆಳ್ಳಿಹಬ್ಬದ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದೇ ಬರುತ್ತದೆ. ಆದರೆ ಆ ಸಾಲವೆಲ್ಲ ಎಲ್ಲಿಗೆ ಹೋಯಿತು ಎಂದು ಯಾರಾದರೂ ಕೇಳಿದರೆ, ನಮ್ಮಂಥ ಮೀನುಗಾರರ ಸಂಘದಲ್ಲಿ ಉತ್ತರ ಮುಖ್ಯವಾಗಿ ಎರಡೇ: ಬಲೆ ಮತ್ತು ಇಂಜಿನ್. ಬಲೆಯ ಕಥೆ ಎಲ್ಲರಿಗೂ ಗೊತ್ತು. ಹಳೆ ದೋಣಿಗೆ ಹೊಸ ಇಂಜಿನ್ ಕೂರಿಸಿ, ಹಲಗೆ ಬದಲಿಸಿ, ಅದನ್ನು ಮತ್ತೆ ದುಡಿಮೆಗೆ ಹಚ್ಚಿದ ಕಥೆಯನ್ನು ಮಾತ್ರ ಯಾರೂ ಬರೆದಿಟ್ಟಂತಿಲ್ಲ. ಈಗ ಸೀಮೆಎಣ್ಣೆ ಇಂಜಿನ್‌ಗಳ ಕಾಲ ಮುಗಿಯುತ್ತಾ ಬಂದಿದೆ. 'ದೋಣಿ ಇಟ್ಟುಕೊಳ್ಳುವುದೋ, ಒಡೆದು ಸೌದೆ ಮಾಡುವುದೋ' ಎಂಬ ಪ್ರಶ್ನೆ ಹಲವು ಸದಸ್ಯರ ಅಂಗಳದಲ್ಲಿ ನಿಂತಿದೆ. ಆದ್ದರಿಂದ ಈ ನಾಲ್ಕು ಮಾತು.

ಹಗ್ಗದಿಂದ ಹೊಲಿದ ದೋಣಿ

ನಮ್ಮ ಹಿರಿಯರ ದೋಣಿಗಳು ಮೊಳೆಯವಲ್ಲ, ಹೊಲಿಗೆಯವು. ಹಲಗೆಗೆ ಹಲಗೆ ಕೂಡಿಸಿ, ಅಂಚಿನಲ್ಲಿ ತೂತು ಕೊರೆದು, ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದು ಕಟ್ಟುತ್ತಿದ್ದರು. ಸಣ್ಣ ಪಾತಿ ದೋಣಿಗಾದರೆ ಮಾವಿನಂಥ ಒಂದೇ ಮರವನ್ನು ಕೊರೆದರೆ ಆಯಿತು. ದೊಡ್ಡ ದೋಣಿಗೆ ಹೆಬ್ಬಲಸು, ಬೋಗಿ ಮುಂತಾದ ಗಟ್ಟಿ ಮರ. ಮೀನೆಣ್ಣೆ, ಗೇರು ಎಣ್ಣೆ, ಹೊನ್ನೆ ಎಣ್ಣೆ ಸವರಿ ಹುಳದಿಂದ ಕಾಪಾಡುತ್ತಿದ್ದರು. ಹೊಲಿದ ದೋಣಿಗೆ ಒಂದು ಗುಣ ಇತ್ತು. ತೆರೆ ಬಡಿದರೆ ಸ್ವಲ್ಪ ಬಾಗುತ್ತಿತ್ತು, ಒಡೆಯುತ್ತಿರಲಿಲ್ಲ. ರಂಪಣಿ ಬಲೆಯನ್ನು ಹೊತ್ತು ತೆರೆ ದಾಟಿ ಹೋಗಿ, ಅರ್ಧ ಸುತ್ತು ಹಾಕಿ ಮರಳಿ ದಡಕ್ಕೆ ಬರಲು ಇದೇ ಬೇಕಿತ್ತು. ಹತ್ತಾರು ಜನರ ರಟ್ಟೆಯೇ ಅದರ ಅಶ್ವಶಕ್ತಿ.

ಇಂಜಿನ್ ಬಂದ ದಾರಿ

ಪಶ್ಚಿಮ ಕರಾವಳಿಯ ಸಣ್ಣ ದೋಣಿಗೆ ಇಂಜಿನ್ ಕಟ್ಟುವ ಕೆಲಸ ನೆರೆಯ ಕೇರಳದಲ್ಲಿ ಒಂದು ಯೋಜನೆಯಾಗಿ ನಡೆಯಿತು. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಒಪ್ಪಂದ ಮಾಡಿಕೊಂಡವು. ಮರುವರ್ಷ ಕೊಲ್ಲಂ ಬಳಿಯ ನೀಂಡಕರ, ಶಕ್ತಿಕುಳಂಗರ ಊರುಗಳಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆಯ ಕೆಲಸ ಆರಂಭವಾಯಿತು. ಅಲ್ಲಿಯೂ ಮೊದಲು ಬಂದ ಯೋಚನೆ ನಮ್ಮ ಸದಸ್ಯರದ್ದೇ: ಇರುವ ದೋಣಿಗೇ ಇಂಜಿನ್ ಕಟ್ಟಿದರೆ ಸಾಲದೇ? ಅದು ಸರಿ ಬರಲಿಲ್ಲ. ಕೊರೆದ ದೋಣಿಗೆ ಇಂಜಿನ್‌ನ ಭಾರ, ನಡುಕ ತಡೆದುಕೊಳ್ಳುವ ಅಡಿಮರವೂ ಇಲ್ಲ, ಪಕ್ಕೆಲುಬೂ ಇಲ್ಲ. ಕೊನೆಗೆ 25 ಅಡಿಯ ಆಸುಪಾಸಿನ ಹೊಸ ಮಾದರಿಯ ಬೋಟುಗಳನ್ನೇ ಕಟ್ಟಬೇಕಾಯಿತು. ಮುಂದೆ ಆ ಯೋಜನೆ ನಮ್ಮ ಕಾರವಾರಕ್ಕೂ ಬಂತು. 1957ರಲ್ಲಿ ಕೊಚ್ಚಿಯಲ್ಲಿ ಸ್ಥಾಪನೆಯಾದ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಮರವನ್ನು ಹುಳದಿಂದ ಕಾಯುವ ಬಗೆ, ಬೋಟಿನ ತಳಕ್ಕೆ ಹೊದಿಕೆ ಹಾಕುವ ಬಗೆ ಇವುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ.

ನಮ್ಮ ಕರಾವಳಿಯ ದೊಡ್ಡ ತಿರುವು 1970ರ ದಶಕದ ನಡುವೆ ಬಂದ ಪರ್ಸೀನ್ ಬೋಟುಗಳದ್ದು. ಬೂತಾಯಿ, ಬಂಗುಡೆ ದಡಕ್ಕೆ ಬರುವ ಮೊದಲೇ ಹೊರಗಡೆ ಬಲೆಗೆ ಬೀಳತೊಡಗಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಸೇರಿತು. ಊರೂರಲ್ಲಿ ಜಗಳ, ಮುಷ್ಕರ ಆದವು. ಆದರೆ ಹೊಟ್ಟೆ ಕೇಳಬೇಕಲ್ಲ! ರಂಪಣಿಯವರು ಕೈಕಟ್ಟಿ ಕೂರಲಿಲ್ಲ. 1980ರ ದಶಕದಲ್ಲಿ ಔಟ್‌ಬೋರ್ಡ್ ಇಂಜಿನ್ ಸಿಗತೊಡಗಿದಾಗ ಅದೇ ರಂಪಣಿ ದೋಣಿಗೆ ಅದನ್ನು ಕಟ್ಟಿ, ಮಾಟುಬಲೆ ಹೇರಿಕೊಂಡು ಮೀನನ್ನು ಹುಡುಕಿಕೊಂಡು ಹೊರಟರು. ಮೀನು ದಡಕ್ಕೆ ಬರುವುದನ್ನು ಕಾಯುವ ಕಾಲ ಹೋಗಿ, ಮೀನಿದ್ದಲ್ಲಿಗೆ ಹೋಗುವ ಕಾಲ ಬಂತು. 'ನಾಡದೋಣಿ' ಇಂದಿಗೂ ಬದುಕಿರುವುದು ಆ ತಲೆಮಾರಿನವರ ಜಾಣತನದಿಂದ ಎಂದರೆ ತಪ್ಪಾಗಲಾರದು.

ಮೊದಲು ಮರ, ಆಮೇಲೆ ಇಂಜಿನ್

ಸಂಘಕ್ಕೆ ಇಂಜಿನ್ ಸಾಲದ ಅರ್ಜಿ ಬಂದಾಗ ನಮ್ಮಲ್ಲಿ ಹಿರಿಯರು ಕೇಳುವ ಮೊದಲ ಮಾತು, "ದೋಣಿ ನೋಡಿದ್ರಾ?" ಇದು ಸುಮ್ಮನೆ ಕೇಳುವ ಮಾತಲ್ಲ. ಹೊಸ ಇಂಜಿನ್ ಹತ್ತು ವರ್ಷ ಬಾಳುವಂಥದ್ದಾದರೂ ದೋಣಿ ಎರಡೇ ವರ್ಷಕ್ಕೆ ಬಾಯಿ ಬಿಟ್ಟರೆ ಸಾಲ ಯಾರ ತಲೆಗೆ?

ದೋಣಿಯನ್ನು ದಡಕ್ಕೆಳೆದು, ಹಳೆ ಬಣ್ಣ ಕೆರೆದು, ಒಣಗಲು ಬಿಟ್ಟು ಆಮೇಲೆ ಸುತ್ತಿಗೆಯಿಂದ ಹಲಗೆ ಹಲಗೆ ತಟ್ಟಬೇಕು. ಗಟ್ಟಿ ಮರ 'ಟಣ್' ಅನ್ನುತ್ತದೆ, ಕೊಳೆತದ್ದು 'ದಬ್' ಅನ್ನುತ್ತದೆ. ಅನುಮಾನ ಇದ್ದಲ್ಲಿ ಮೊನೆಯ ಉಳಿ ಒತ್ತಿ ನೋಡಬೇಕು. ಕಡಲ ನೀರಲ್ಲಿ ಹುಳ ಮರವನ್ನು ಒಳಗಿಂದ ಜೇನುಗೂಡಿನ ಹಾಗೆ ಕೊರೆಯುತ್ತದೆ. ಹೊರಗೆ ಕಾಣುವುದು ಸೂಜಿಮೊನೆಯಷ್ಟು ತೂತು ಮಾತ್ರ. ಮತ್ತೊಂದು ಸಂಗತಿ ಹೊಸಬರಿಗೆ ಆಶ್ಚರ್ಯ ಎನಿಸಬಹುದು. ಮರ ಕೊಳೆಸುವುದರಲ್ಲಿ ಉಪ್ಪುನೀರಿಗಿಂತ ಮಳೆನೀರೇ ದೊಡ್ಡ ವೈರಿ. ಉಪ್ಪು ಕೊಳೆಯನ್ನು ತಡೆಯುತ್ತದೆ, ಸಿಹಿನೀರು ನಿಂತಲ್ಲಿ ಬೂಸ್ಟು ಬೆಳೆಯುತ್ತದೆ. ಮಳೆಗಾಲದಲ್ಲಿ ದೋಣಿಗೆ ಮಡಲಿನ ಚಪ್ಪರ ಹಾಕಿ ಗಾಳಿಯಾಡಲು ಬಿಡುತ್ತಿದ್ದ ನಮ್ಮ ಅಜ್ಜಂದಿರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಇತ್ತೀಚೆಗೆ ಹಳೆ ಮರದ ಮೇಲೆ ಫೈಬರ್ ಹೊದಿಸುವ ರೂಢಿ ಬಂದಿದೆ. ಮರ ಪೂರ್ತಿ ಒಣಗಿದ್ದರೆ ಒಳ್ಳೆಯದೇ. ಹಸಿ ಮರದ ಮೇಲೆ ಹೊದಿಸಿದರೆ ಫೈಬರ್ ಸರಿಯಾಗಿ ಹಿಡಿಯುವುದಿಲ್ಲ, ನೀರು ಒಳಗೇ ಸಿಕ್ಕಿ ಮರ ಕಾಣದಂತೆ ಕೊಳೆಯುತ್ತದೆ. ಹೊರಗೆ ಮದುಮಗಳ ಹಾಗೆ ಹೊಳೆಯುವ ದೋಣಿ ಒಳಗೆ ಹಿಟ್ಟಾಗಿರಬಹುದು. ಕೊಳೆತ ಹಲಗೆ ಇದ್ದರೆ ತೆಗೆದು ಹೊಸದು ಹಾಕಿದ ಮೇಲೆಯೇ ಹೊದಿಕೆ.

ಒಳ ಇಂಜಿನ್ ಇರುವ ಬೋಟಿಗೆ ಮತ್ತೊಂದು ಪಾಠ. ಇಂಜಿನ್ ಕೂರುವ ಉದ್ದ ಮರಗಳು ಗಟ್ಟಿ ಇರಬೇಕು, ಬೋಟಿನ ಪಕ್ಕೆಲುಬುಗಳಿಗೆ ಬಿಗಿದಿರಬೇಕು. ಶಾಫ್ಟ್ ಮತ್ತು ಗೇರ್‌ಬಾಕ್ಸ್ ಒಂದೇ ಗೆರೆಯಲ್ಲಿ ಇವೆಯೇ ಎಂದು ಕೊನೆಯದಾಗಿ ನೋಡಬೇಕಾದದ್ದು ದಡದಲ್ಲಿ ಅಲ್ಲ, ಬೋಟು ನೀರಿಗಿಳಿದ ಮೇಲೆ. ದಡದಲ್ಲಿ ಇರುವ ಆಕಾರವೇ ಬೇರೆ, ನೀರಲ್ಲಿ ತೇಲುವಾಗಿನ ಆಕಾರವೇ ಬೇರೆ. ಇದನ್ನು ನೋಡದೆ ಬಿಟ್ಟರೆ ನಡುಕ ಹೆಚ್ಚಿ ಗ್ಲ್ಯಾಂಡ್‌ನಲ್ಲಿ ನೀರು ಬರುತ್ತದೆ, ಬೇರಿಂಗ್ ಸವೆಯುತ್ತದೆ. ದೂರು ಮಾತ್ರ ಇಂಜಿನ್ ಮೇಲೆ!

ಎಷ್ಟು ಅಶ್ವಶಕ್ತಿ ಬೇಕು?

ನಮ್ಮ ಊರಲ್ಲೂ, ಇಡೀ ಕರಾವಳಿಯಲ್ಲೂ ಸಾಲದ ಬೇರು ಇಲ್ಲೇ ಇದೆ. ಪಕ್ಕದವನದ್ದು ದೊಡ್ಡ ಇಂಜಿನ್, ನಮ್ಮದೂ ಆಗಲಿ ಎಂಬ ಪೈಪೋಟಿ. ಆದರೆ ನೀರಿಗೆ ಅದರದ್ದೇ ಲೆಕ್ಕ ಇದೆ. ಭಾರ ಹೊತ್ತು ನೀರನ್ನು ಸೀಳಿಕೊಂಡು ಹೋಗುವ ದೋಣಿಯ ಸಹಜ ವೇಗಕ್ಕೆ ಒಂದು ಮಿತಿ ಉಂಟು, ಅದು ಉದ್ದದ ಮೇಲೆ ನಿಂತಿದೆ. ನೀರಿನ ಮಟ್ಟದಲ್ಲಿ 25 ಅಡಿ ಉದ್ದದ ದೋಣಿಗೆ ಅದು ಸುಮಾರು 6.7 ನಾಟ್, ಅಂದರೆ ಗಂಟೆಗೆ 12 ಕಿಲೋಮೀಟರ್ ಚಿಲ್ಲರೆ. 6 ನಾಟ್‌ನಿಂದ 7ಕ್ಕೆ ಏರಬೇಕಾದರೆ ಒಂದೂವರೆ ಪಟ್ಟಿಗಿಂತಲೂ ಹೆಚ್ಚು ಶಕ್ತಿ ಬೇಕು. ಮಿತಿ ಹತ್ತಿರವಾದಂತೆ ಇನ್ನೂ ಹೆಚ್ಚು. ಆ ಹೆಚ್ಚಿನ ಎಣ್ಣೆಯೆಲ್ಲ ಹಿಂದೆ ತೆರೆ ಎಬ್ಬಿಸುವುದಕ್ಕೇ ಸರಿ. ಮೇಲಾಗಿ ಭಾರದ ಇಂಜಿನ್ ಹಿಂದೆ ಕೂತರೆ ದೋಣಿಯ ಮೂತಿ ಮೇಲೇಳುತ್ತದೆ, ಅಳಿವೆ ದಾಟುವಾಗ ಹಿಂದಿನಿಂದ ನೀರು ನುಗ್ಗುವ ಅಪಾಯ ಇರುತ್ತದೆ. ಅಳಿವೆಯಲ್ಲಿ ಮಗನನ್ನೋ ಅಣ್ಣನನ್ನೋ ಕಳೆದುಕೊಂಡ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವೇಗ ಸಾಲದೆ ಹೋದರೆ ಮೊದಲು ತಳದ ಪಾಚಿ, ಚಿಪ್ಪು ಕೆರೆಯಿರಿ. ಫ್ಯಾನಿನ ಅಂಚು ಮುರಿದಿದೆಯೇ, ಇಂಜಿನ್‌ಗೆ ಅದರ ಅಳತೆ ಹೊಂದುತ್ತದೆಯೇ ನೋಡಿ. ಎಷ್ಟೋ ಸಲ 'ಸೋತ' ಇಂಜಿನ್ ಅಷ್ಟಕ್ಕೇ ಚೇತರಿಸಿಕೊಂಡದ್ದುಂಟು.

ಕಾನೂನಿನ ಮಾತೂ ಇದೆ. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ಮಳೆಗಾಲದಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. 2015ರಿಂದ ಅದು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. 10 ಅಶ್ವಶಕ್ತಿವರೆಗಿನ ನಾಡದೋಣಿಗಳಿಗೆ ಮಾತ್ರ ಇದರಿಂದ ವಿನಾಯಿತಿ. 9.9 ಅಶ್ವಶಕ್ತಿಯ ಇಂಜಿನ್‌ಗೆ ನಮ್ಮಲ್ಲಿ ಇಷ್ಟು ಬೆಲೆ ಯಾಕೆ ಎಂಬುದು ಈಗ ತಿಳಿಯಿತಲ್ಲ? ಒಂದು ಅಶ್ವಶಕ್ತಿಯ ಆಸೆಗೆ ಮಳೆಗಾಲದ ಅನ್ನ ಕಳಕೊಳ್ಳಬಾರದು.

ಸೀಮೆಎಣ್ಣೆ ಆದ ಮೇಲೆ

ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಇಂಜಿನ್‌ನಲ್ಲೇ ನಮ್ಮ ಒಂದು ತಲೆಮಾರು ದುಡಿಯಿತು. ಸಬ್ಸಿಡಿ ಸೀಮೆಎಣ್ಣೆಗಾಗಿ ಕಾದದ್ದು, ಅರ್ಜಿ ಹಿಡಿದು ಅಲೆದದ್ದು ಮರೆಯುವ ಹಾಗಿಲ್ಲ. 2023ರ ರಾಜ್ಯ ಬಜೆಟ್‌ನಲ್ಲಿ ಸೀಮೆಎಣ್ಣೆ ಇಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಇಂಜಿನ್‌ಗೆ ಬದಲಾಗುವವರಿಗೆ ತಲಾ 50,000 ರೂಪಾಯಿ ಸಹಾಯಧನ ಘೋಷಣೆಯಾಯಿತು. ಆದರೆ ಇಂಜಿನ್‌ನ ಪೂರ್ತಿ ಬೆಲೆಗೆ ಅದು ಸಾಲದು. ಉಳಿದದ್ದು ಕೈಯಿಂದ, ಇಲ್ಲವೇ ಸಂಘದಿಂದ. ಫೋರ್ ಸ್ಟ್ರೋಕ್ ಇಂಜಿನ್ ಎಣ್ಣೆ ಕಡಿಮೆ ಕುಡಿಯುತ್ತದೆ, ಹೊಗೆಯೂ ಕಡಿಮೆ. ಆದರೆ ತೂಕ ಹೆಚ್ಚು. ಹಳೆ ದೋಣಿಯ ಹಿಂದಿನ ಹಲಗೆ ಅದನ್ನು ಹೊರುತ್ತದೆಯೇ ಎಂದು ಕಟ್ಟುವ ಮೊದಲೇ ಆಚಾರಿಯ ಕೈಲಿ ನೋಡಿಸುವುದು ಕ್ಷೇಮ.

ಆಚಾರಿ ಎಂದಾಗ ಇನ್ನೊಂದು ಮಾತು. ಮರದ ದೋಣಿ ರಿಪೇರಿ ಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಹೊಲಿಗೆ ದೋಣಿ ಬಿಗಿಯಬಲ್ಲವರು ಬೆರಳೆಣಿಕೆಯಷ್ಟು. ಫೈಬರ್ ದೋಣಿ ಬರಲಿ, ಬೇಡ ಎನ್ನುವವರು ನಾವಲ್ಲ. ಆದರೆ ಗಟ್ಟಿ ಇರುವ ಮರವನ್ನು ಬರೀ ಹಳತು ಎಂದು ಒಡೆದು, ಅದರ ಮೂರ್ನಾಲ್ಕು ಪಟ್ಟು ಸಾಲ ತಲೆ ಮೇಲೆ ಹೊರುವುದು ಜಾಣತನವಲ್ಲ. ನಮ್ಮ ಹುಡುಗರಲ್ಲಿ ನಾಲ್ಕು ಜನವಾದರೂ ಆಚಾರಿಯ ಉಳಿ, ಮೆಕ್ಯಾನಿಕ್‌ನ ಸ್ಪ್ಯಾನರ್ ಎರಡನ್ನೂ ಕಲಿತರೆ ಊರಿನ ದುಡ್ಡು ಊರಲ್ಲೇ ಉಳಿದೀತು. ಮುಂದಿನ ಇಪ್ಪತ್ತೈದು ವರ್ಷಕ್ಕೆ ಸಂಘ ಈ ಕೆಲಸ ಕೈಗೆತ್ತಿಕೊಳ್ಳಲಿ ಎಂಬುದು ನಮ್ಮ ವಿನಂತಿ.

ಹುಟ್ಟು ಹಾಕಿದವರಿಗೆ, ಹಲಗೆ ಹೊಲಿದವರಿಗೆ, ಕಂತು ತಪ್ಪದೆ ಕಟ್ಟಿ ಇನ್ನೊಬ್ಬನ ಇಂಜಿನ್‌ಗೆ ದಾರಿ ಮಾಡಿಕೊಟ್ಟ ಎಲ್ಲ ಸದಸ್ಯರಿಗೆ ನಮ್ಮ ನಮಸ್ಕಾರ. ಕಡಲಮ್ಮ ಎಲ್ಲರನ್ನೂ ಕ್ಷೇಮವಾಗಿ ದಡ ಸೇರಿಸಲಿ.